ಶ್ರೀಮಂತನ ಮನೆಗೆ ಬಂದ ಥಂಡಿ ಪೆಟ್ಟಿಗೆ

ಒಂದೇ ದಿನದ ತರಬೇತಿಯಿಂದ ಮನುಷ್ಯ ಎಷ್ಟು ಕೆಡಬಹುದು ಎಂದು ಯಾರಿಗಾದರೂ ಅನುಮಾನವಿದ್ದರೆ ಅವರು ಇಬ್ರಾಹಿಂಪುರದಲ್ಲಿ ಶ್ರೀಮಂತ ಎಂಬ ಹೆಸರಿನವನನ್ನು ನೋಡಬೇಕು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ವಾಚನಾಲಯವಿದೆ. ಬೆಳಿಗ್ಗೆ ಅದರ ಬೀಗ ತೆಗೆಯುವುದು, ಕಸ ಹೊಡೆಯುವುದು, ಪತ್ರಿಕೆಗಳನ್ನು ಹರವಿಡುವುದು, ಸಂಜೆ ಮತ್ತೆ ಬೀಗ ಹಾಕುವುದು ಅವನ ಕೆಲಸ. ಬಹಳ ವರ್ಷ ಈ ಕೆಲಸವನ್ನು ಯಾರಿಗೂ ತೊಂದರೆಯಾಗದಂತೆ ಮಾಡಿಕೊಂಡು ಬಂದಿದ್ದ. ಹೋದ ದೀಪಾವಳಿಯ ನಂತರ ಧಾರವಾಡದಲ್ಲಿ ಹಳೆಯ ಪುಸ್ತಕಗಳನ್ನು ಕಾಪಾಡುವ ಬಗೆ ಕುರಿತು ತರಬೇತಿ ಇಟ್ಟಿದ್ದರು. ಹೋಗಬೇಕಾಗಿದ್ದ ಮಾಸ್ತರರಿಗೆ ಜ್ವರ ಬಂತು, ಇವನು ಹೋದ. ಬರುವಾಗ ಒಂದು ಜೊತೆ ಬಿಳಿ ಕೈಗವಸು, ಒಂದು ಮುಖಗವಸು, ಮೆತ್ತನೆಯ ಒಂದು ಬ್ರಶ್ಶು ಮತ್ತು ಅರ್ಧ ಜ್ಞಾನ ತಂದ. ಉಳಿದರ್ಧ ಹುಬ್ಬಳ್ಳಿ ದಾಟುವ ಮೊದಲೇ ಬಸ್ಸಿನ ನಿದ್ದೆಯಲ್ಲಿ ಹೋಗಿತ್ತು.

ಮರುದಿನದಿಂದ ಅವನು ಕೈಗವಸು ತೊಟ್ಟೇ ಓಡಾಡತೊಡಗಿದ. ಕಾಯಿಪಲ್ಯೆ ಗಾಡಿಯ ಮುಂದೆ ನಿಂತು ಬಿಳಿಯ ಬೆರಳುಗಳಿಂದ ಬದನೆಕಾಯಿ ತಿರುವಿ ನೋಡುತ್ತಿದ್ದವನನ್ನು ಪಕ್ಕದ ಮನೆಯ ರುಕ್ಮವ್ವ ಕಂಡಳು.

"ಶ್ರೀಮಂತಾ, ಕೈ ಸುಟ್ಕೊಂಡಿ ಏನೋ?"

"ಇಲ್ಲ ಕಾಕು. ಸಂರಕ್ಷಣಾ ಮಾಡಾಕತ್ತೇನಿ."

"ಬದನಿಕಾಯಿದ್ದು?"

ಶ್ರೀಮಂತ ಬದನೆಕಾಯಿ ಚೀಲಕ್ಕೆ ಹಾಕಿಕೊಂಡು ನಡೆದ. ಹೊಸದಾಗಿ ತಿಳಿದವರು ತಿಳಿಯದವರೊಂದಿಗೆ ವಾದ ಮಾಡಬಾರದು ಎಂದು ಅವನ ನಂಬಿಕೆ.

ವಾಚನಾಲಯದ ಹಿಂದಿನ ಕೋಣೆಯಲ್ಲಿ ಒಂದು ಕಪಾಟಿತ್ತು. ಅದರಲ್ಲಿ ನೂರು ವರ್ಷ ದಾಟಿದ ಪಂಚಾಂಗಗಳು, ಬೆನ್ನು ಹರಿದ ನಿಘಂಟುಗಳು, ಕಲ್ಲಚ್ಚಿನಲ್ಲಿ ಮುದ್ರಿಸಿದ ಒಂದು ಬಯಲಾಟದ ಪುಸ್ತಕ ಇದ್ದವು. ಕಾಲೇಜಿನ ಸುಧಾರಾಣಿ ಮೇಡಂ ಒಮ್ಮೆ ಬಂದು ಆ ಬಯಲಾಟದ ಪುಸ್ತಕವನ್ನು ಮಗುವಿನಂತೆ ಎತ್ತಿಕೊಂಡು, "ಇಂಥಾದ್ದು ಇನ್ನೊಂದು ಎಲ್ಲೂ ನೋಡಿಲ್ರಿ ಶ್ರೀಮಂತ ಅವರ, ಇದನ್ನ ಜ್ವಾಪಾನ ಮಾಡ್ರಿ," ಅಂದಿದ್ದರು. ಅದಕ್ಕೆ ಮೊದಲು ಯಾರೂ ಅವನನ್ನು 'ಅವರು' ಅಂದಿರಲಿಲ್ಲ. ಅಂದಿನಿಂದ ಆ ಪುಸ್ತಕ ಅವನ ಪಾಲಿಗೆ ವಾಚನಾಲಯದ್ದಾಗಿ ಉಳಿಯಲಿಲ್ಲ, ಸ್ವಂತದ್ದಾಯಿತು.

ತರಬೇತಿಯ ಕಣ್ಣಿನಿಂದ ಕಪಾಟು ತೆಗೆದು ಬಗ್ಗಿ ನೋಡಿದ. ಪುಸ್ತಕಗಳ ಕೆಳಗೆ ನುಣ್ಣನೆಯ ಪುಡಿ ಬಿದ್ದಿತ್ತು. ಹಾಳೆಗಳಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳಿದ್ದವು. ಅಲ್ಲಿಯ ತನಕ ಆ ಪುಡಿಯನ್ನು ಧೂಳೆಂದು ಗುಡಿಸುತ್ತಿದ್ದ. ಧೂಳಿಗೆ ಯಾರೂ ಹೆದರುವುದಿಲ್ಲ. ಅದು ಹುಳದ ಕೆಲಸ ಎಂದು ಈಗ ಗೊತ್ತಾಗಿತ್ತು, ಹೆದರಿಕೆಯೂ ಜೊತೆಗೇ ಬಂತು. ಹೆದರಿದವನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಹೋಗಿ ಕಮಿಟಿಯ ಸೆಕ್ರೆಟರಿ ಗುರುಪಾದಯ್ಯನವರಿಗೆ ಹೇಳಿಬಿಟ್ಟ.

ಗುರುಪಾದಯ್ಯನವರು ಶಿಸ್ತಿನ ಮನುಷ್ಯ. ಅವರು ಕೆಮ್ಮಿದರೆ ಓದುವವರು ಪತ್ರಿಕೆ ಮಡಚಿ ಇಡುತ್ತಿದ್ದರು.

"ಹುಳ ಬಿದ್ದಾವು? ಹಂಗಾದ್ರ ಇಡೀ ಕಪಾಟು ರದ್ದಿಗೆ ಹಾಕು. ನಾಳಿ ಹೊಸಾ ಪುಸ್ತಕಕ್ಕ ಹತ್ತಿದ್ರ ಯಾರು ಜವಾಬ್ದಾರಿ, ನೀನೋ, ನಿಮ್ಮಪ್ಪನೋ?"

"ಸರ್, ಅವು ಭಾಳ ಅಪರೂಪದವು ಅದಾವ್ರಿ."

"ಹುಳ ಏನ್ ಅಪರೂಪ?"

"ಪುಸ್ತಕ ರೀ."

"ಬರೂ ಗುರುವಾರ ರದ್ದಿಯವನ ಬಂಡಿ ಬರ್ತೈತಿ. ಅಷ್ಟರಾಗ ಒಂದ ಹುಳ ಕಾಣಬಾರದು. ಕಂಡ್ರ ಎಲ್ಲಾ ತೂಕಕ್ಕ," ಎಂದು ಗುರುಪಾದಯ್ಯನವರು ಒಮ್ಮೆ ಕೆಮ್ಮಿದರು. ಮಾತು ಮುಗಿಯಿತು.

ಶ್ರೀಮಂತ ಪುಸ್ತಕಗಳನ್ನೆಲ್ಲ ಮನೆಗೆ ಹೊತ್ತು ತಂದು ಜೋಳದ ಡಬ್ಬಿಯ ಪಕ್ಕದಲ್ಲಿ ಇಟ್ಟ. ಅವನ ಹೆಂಡತಿ ಆರತಿ ಎರಡು ದಿನ ಸಹಿಸಿದಳು. ಶುಕ್ರವಾರ ರೊಟ್ಟಿಯ ಹಿಟ್ಟಿನಲ್ಲಿ ಏನೋ ಹರಿದಾಡಿದ್ದನ್ನು ನೋಡಿ, "ಮನ್ಯಾಗ ಒಂದೋ ನಾ ಇರಬೇಕು, ಇಲ್ಲಾ ನಿಮ್ಮ ಹುಳ ಇರಬೇಕು. ಅವು ಹೋದ ದಿನ ಫೋನ್ ಮಾಡ್ರಿ," ಎಂದು ಚೀಲ ಎತ್ತಿಕೊಂಡು ಬಬಲೇಶ್ವರದ ತವರಿಗೆ ಹೊರಟೇಬಿಟ್ಟಳು. ಸಿಟ್ಟಿನಲ್ಲಿ ಹೊರಡುವವರು ಏನಾದರೊಂದು ಮರೆಯುತ್ತಾರೆ. ಅವಳು ಫೋನನ್ನೇ ಗೋಡೆಯ ಗೂಡಿನಲ್ಲಿ ಚಾರ್ಜಿಗೆ ಇಟ್ಟು ಮರೆತಳು.

ತರಬೇತಿಯಲ್ಲಿ ಹೇಳಿದ್ದು ಶ್ರೀಮಂತನಿಗೆ ಇಷ್ಟು ನೆನಪಿತ್ತು: ಔಷಧಿ ಹೊಡೆಯಬಾರದು, ಹಾಳೆ ಹಾಳಾಗುತ್ತವೆ, ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿ, ಮೇಲೆ ಬಟ್ಟೆ ಸುತ್ತಿ, ಗಡಗಡ ನಡುಗುವ ಥಂಡಿಯಲ್ಲಿ ಮೂರು ದಿನ ಇಡಬೇಕು, ನಡುವೆ ಬಿಚ್ಚಬಾರದು, ಬಿಚ್ಚಿದರೆ ಹಾಳೆ ಬೆವರುತ್ತವೆ. ಗಾಂಧಿ ಚೌಕದ ಹತ್ತಿರ ಒಬ್ಬ ಐಸ್‌ಕ್ರೀಂ ಅಂಗಡಿಯವನನ್ನು ಕೇಳಿದ. "ಕುಲ್ಫಿ ಜೋಡಿ ಹುಳ ಇಡಂತಿ ಏನೋ?" ಎಂದು ಅವನು ಚಮಚ ಎತ್ತಿಕೊಂಡು ಬಂದ. ತಲೆ ತಗ್ಗಿಸಿ ಬರುತ್ತಿದ್ದ ಶ್ರೀಮಂತನಿಗೆ ಒಂದು ಆಟೋದ ಬೆನ್ನಿನ ಮೇಲೆ ಬರೆದದ್ದು ಕಂಡಿತು: 'ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಸಿಗುತ್ತದೆ. ಹಗಲು ರಾತ್ರಿ ಸೇವೆ.' ಕೆಳಗೆ ಮುಗಿದ ಎರಡು ಕೈಗಳ ಚಿತ್ರ. ಚಿತ್ರದ ಕಡೆ ಅವನು ಲಕ್ಷ್ಯ ಕೊಡಲಿಲ್ಲ. ಕೈ ಮುಗಿದು ವ್ಯಾಪಾರ ಮಾಡುವವರು ಒಳ್ಳೆಯವರೇ ಇರಬೇಕು ಅಂದುಕೊಂಡು, ಅಲ್ಲಿದ್ದ ನಂಬರಿಗೆ ಫೋನ್ ಮಾಡಿ ಒಂದು ಪೆಟ್ಟಿಗೆ ಹೇಳಿದ.

ಭಾನುವಾರ ಬೆಳಿಗ್ಗೆ, ಓಣಿಯವರು ಕಟ್ಟೆಗೆ ಕುಳಿತು ಹಲ್ಲುಜ್ಜುವ ಹೊತ್ತಿಗೆ, ಪೆಟ್ಟಿಗೆಯ ಮಾಲೀಕ ಸಾಬಣ್ಣನ ಟಂಟಂ ಗಾಡಿ ಬಂದು ನಿಂತಿತು. ಆಳುದ್ದದ ಪೆಟ್ಟಿಗೆ, ಮೇಲೆ ಗಾಜಿನ ಮುಚ್ಚಳ. ಕೆಳಗಿಳಿದ ಮೇಲೆ ಅದು ಯಾತಕ್ಕೆಂದು ಶ್ರೀಮಂತನಿಗೂ ಹೊಳೆಯಿತು. ಆದರೆ ಅಷ್ಟರಲ್ಲಿ ಸಾಬಣ್ಣ ಅದನ್ನು ಒಳಗೆ ತಂದು, ಕರೆಂಟಿಗೆ ಹಚ್ಚಿ, ತಲೆ ಬಗ್ಗಿಸಿ ನಿಂತಿದ್ದ. ಸತ್ತವರ ಮನೆಯಲ್ಲಿ ಬಾಡಿಗೆಯವರು ಹೆಚ್ಚು ಹೊತ್ತು ನಿಲ್ಲಬಾರದು, ಮನೆಯವರು ಅಳಲು ಸಂಕೋಚಪಡುತ್ತಾರೆ ಎಂಬುದು ಸಾಬಣ್ಣನ ನೇಮ. "ಧೈರ್ಯಾ ತಗೋರಿ ಅಣ್ಣಾ," ಎಂದು ಶ್ರೀಮಂತನ ಭುಜ ಒತ್ತಿ, ತನ್ನ ಕಿಸೆಯಿಂದ ಒಂದು ಊದಿನಕಡ್ಡಿಯ ಪಾಕೀಟನ್ನು ಗೂಡಿನಲ್ಲಿಟ್ಟು ಹೊರಟುಹೋದ. ಅದರ ಬೆಲೆ ಬಾಡಿಗೆಯಲ್ಲಿ ಸೇರಿರಲಿಲ್ಲ.

ತಂದದ್ದು ತಂದಾಯಿತು, ಥಂಡಿ ಥಂಡಿಯೇ ಎಂದುಕೊಂಡು ಶ್ರೀಮಂತ ಕೈಗವಸು, ಮುಖಗವಸು ಹಾಕಿಕೊಂಡು ಕೆಲಸಕ್ಕೆ ಕೂತ. ಪುಸ್ತಕಗಳು ಬಾಗಬಾರದೆಂದು ಒಂದು ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಇಟ್ಟ. ಒಂದು ತುದಿಗೆ ದಪ್ಪ ನಿಘಂಟುಗಳು, ನಡುವೆ ಬಯಲಾಟ, ಇನ್ನೊಂದು ತುದಿಗೆ ತೆಳ್ಳನೆಯ ಪಂಚಾಂಗಗಳು. ಪ್ಲಾಸ್ಟಿಕ್ಕು ಸುತ್ತಿ ಅಂಚುಗಳಿಗೆ ಟೇಪು ಹಚ್ಚಿದ. ಮೇಲೆ ತನ್ನ ಲಗ್ನದ ಬಿಳಿ ಧೋತರ ಸುತ್ತಿ ಮೂರು ಕಡೆ ಕಟ್ಟಿದ. ಪೆಟ್ಟಿಗೆಯೊಳಗೆ ಇಳಿಸಿ ಮುಚ್ಚಳ ಹಾಕಿದಾಗ ಗಾಜಿನ ಮೇಲೆ ಮಂಜು ಕೂತಿತು. ಮಂಜಿನ ಹಿಂದೆ ಬೆಳ್ಳಗೆ ಉದ್ದಕ್ಕೆ ಮಲಗಿದ್ದನ್ನು ನೋಡಿ ಅವನೇ ಎರಡು ಹೆಜ್ಜೆ ಹಿಂದೆ ಸರಿದ.

ಬಾಗಿಲಲ್ಲಿ ರುಕ್ಮವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಅರ್ಧ ಓಣಿ.

"ಯಾರೋ ತಮ್ಮಾ?"

"ಪುಸ್ತಕ, ಕಾಕು."

ರುಕ್ಮವ್ವ ಹಿಂದಿದ್ದವರ ಕಡೆ ತಿರುಗಿ ಮೆಲ್ಲಗೆ, "ತಲಿ ಮ್ಯಾಲೆ ಪರಿಣಾಮ ಆಗೈತಿ," ಅಂದಳು.

"ಖರೇನ ಪುಸ್ತಕ ಕಾಕು. ಹುಳ ಸಾಯಲಿ ಅಂತ ಇಟ್ಟೇನಿ."

"ಆತು ಆತು, ಪುಸ್ತಕನ. ನೀ ಕುಂದ್ರು. ನೀರು ಕುಡಿ." ಅವಳು ಬಗ್ಗಿ ದೂರದಿಂದಲೇ ಪೆಟ್ಟಿಗೆ ನೋಡಿದಳು. "ಎಷ್ಟೊತ್ತಿಗೆ ಎತ್ತೂದು?"

"ಬುಧವಾರ."

ಆ ಓಣಿಯವರು ನೇಮಸ್ತರು. ಹೆಣ ಎತ್ತುವ ತನಕ ಯಾರೂ ಒಲೆ ಹೊತ್ತಿಸುವವರಲ್ಲ. ಪೆಟ್ಟಿಗೆ ಇಳಿದ ಕೂಡಲೇ ರುಕ್ಮವ್ವ ಕುದಿಯುತ್ತಿದ್ದ ಚಹಾ ಇಳಿಸಿ ಗ್ಯಾಸ್ ಬಂದ್ ಮಾಡಿ ಬಂದಿದ್ದಳು. ಎದುರು ಮನೆಯಲ್ಲಿ ಉಪ್ಪಿಟ್ಟಿನ ರವೆ ಅರ್ಧ ಹುರಿದು ನಿಂತಿತ್ತು.

"ಮೂರ ದಿನಾ ಒಲಿ ಹಚ್ಚೂದಲ್ಲ ಅಂದ್ರ ಹೆಂಗ?" ಎಂದು ಒಬ್ಬಳು ಕೇಳಿದಳು. "ಸಾಯೂರಿಗೂ ಜರಾ ವಿಚಾರ ಬೇಡೇನು?"

"ಬೇ, ಸುಮ್ಕಿರು. ಸತ್ತೋರ ಬಗ್ಗೆ ಹಂಗ ಅನಬಾರದು," ಎಂದ ರುಕ್ಮವ್ವನಿಗೆ ಆಗಲೇ ಬೇರೊಂದು ಯೋಚನೆ ಹತ್ತಿತ್ತು. ಈ ಮನೆಯಲ್ಲಿ ಇರುವವರು ಇಬ್ಬರೇ. ಒಬ್ಬ ಮುಂದೆ ನಿಂತಿದ್ದಾನೆ.

"ಶ್ರೀಮಂತಾ, ಆರತಿ ಎಲ್ಲಿ?"

"ಬಬಲೇಶ್ವರಕ್ಕ ಹೋಗ್ಯಾಳ."

"ಜಗಳಾಡಿ?"

ಶ್ರೀಮಂತ ಸುಳ್ಳು ಹೇಳುವವನಲ್ಲ. "ಹೂಂ," ಅಂದ.

ರುಕ್ಮವ್ವ ಆರತಿಯ ನಂಬರಿಗೆ ಫೋನ್ ಹಚ್ಚಿದಳು. ಓಣಿಯೆಲ್ಲ ಉಸಿರು ಹಿಡಿದು ನಿಂತಿತು. ಪೆಟ್ಟಿಗೆಯ ಹಿಂದಿನಿಂದ ಫೋನು ರಿಂಗಣಿಸತೊಡಗಿತು.

ಅದು ಗೂಡಿನಲ್ಲಿತ್ತೆಂದು ಶ್ರೀಮಂತ ಹೇಳುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಉಳಿದಿರಲಿಲ್ಲ. ನಾಲ್ಕು ಚಪ್ಪಲಿಗಳು ಮಾತ್ರ ಉಳಿದಿದ್ದವು, ಅವೂ ಬೇರೆ ಬೇರೆ ಜೊತೆಯವು.

ಸುದ್ದಿ ಓಣಿಯ ತುದಿ ಮುಟ್ಟುವಷ್ಟರಲ್ಲಿ ಎರಡಾಗಿ ಒಡೆಯಿತು. ಟಿಕೋಟಾದಲ್ಲಿರುವ ಶ್ರೀಮಂತನ ಅಕ್ಕ ಹುಚ್ಚವ್ವನಿಗೆ ಆರತಿ ಹೋದಳೆಂದು ತಿಳಿಯಿತು. ಬಬಲೇಶ್ವರಕ್ಕೆ ಮಾತ್ರ, ಹೆಣ್ಣಿನ ತವರಿಗೆ ಅಂಥ ಮಾತು ಹೇಳುವ ಧೈರ್ಯ ಯಾರಿಗೂ ಆಗದೆ, "ಶ್ರೀಮಂತನ ಮನಿಗೆ ಪೆಟಗಿ ಬಂದೈತಿ, ಲಗೂನ ಬರ್ರಿ," ಎಂದಷ್ಟೇ ಹೇಳಿ ಫೋನ್ ಇಟ್ಟರು.

ಮಧ್ಯಾಹ್ನ ರುಕ್ಮವ್ವ ಮತ್ತೆ ಬಂದಳು. ಹೊಸ್ತಿಲಾಚೆ ನಿಂತು, ಕೈ ಉದ್ದ ಚಾಚಿ, ಒಂದು ಗಂಟನ್ನು ಒಳಗೆ ನೂಕಿದಳು. ಆಚೆ ಓಣಿಯ ಮಗಳ ಮನೆಯಿಂದ ತರಿಸಿದ ಎರಡು ರೊಟ್ಟಿ, ಝುಣಕ, ಒಂದು ಉಳ್ಳಾಗಡ್ಡಿ.

"ತಿನ್ನು. ಏನ್ ಮಾಡಿದ್ರೂ ಹೊಟ್ಟಿ ಕೇಳಂಗಿಲ್ಲ," ಎಂದು ಹೇಳಿ ಓಡಿದಳು. ಅವನು ಹೆಂಡತಿಯನ್ನು ಕೊಂದಿದ್ದಾನೆ ಎಂಬುದರಲ್ಲಿ ಅವಳಿಗೆ ಆಗ ಏನೂ ಸಂಶಯವಿರಲಿಲ್ಲ. ಝುಣಕಕ್ಕೆ ಎಣ್ಣೆ ಮಾತ್ರ ಕೈ ಬಿಚ್ಚಿ ಹಾಕಿಸಿದ್ದಳು.

ಆ ಮನೆಯಲ್ಲಿ ಒಬ್ಬನೇ ಕೂತು ಉಣ್ಣುವುದು ಸುಲಭವಿರಲಿಲ್ಲ. ಪೆಟ್ಟಿಗೆ ಆಗಾಗ ಗುರ್ ಅಂದು ನಡುಗಿ ಸುಮ್ಮನಾಗುತ್ತಿತ್ತು. ಶ್ರೀಮಂತನಿಗೆ ಒಳಗಿರುವುದು ಪುಸ್ತಕವೆಂದು ಗೊತ್ತು, ಕಟ್ಟಿದವನೂ ಅವನೇ. ಆದರೂ ಪೆಟ್ಟಿಗೆಗೆ ಬೆನ್ನು ಮಾಡಿ ಕೂಡಲು ಧೈರ್ಯ ಬರದೆ, ಗೋಡೆಗೆ ಒರಗಿ, ಅದರ ಮೇಲೆ ಕಣ್ಣಿಟ್ಟೇ, ಮುಖಗವಸು ಸರಿಸಿ, ಕೈಗವಸು ಬಿಚ್ಚದೆಯೇ ರೊಟ್ಟಿ ಮುರಿದ.

ಅಷ್ಟರಲ್ಲಿ ಹವಾಲ್ದಾರ ದಶರಥ ಬಂದ. ಹೆಣ ಕಂಡರೆ ಕಾಲು ನಡುಗುತ್ತವೆಂದೇ ಅವನು ಕೇಳಿಕೊಂಡು ಟ್ರಾಫಿಕ್ಕಿಗೆ ಹೋಗಿದ್ದವನು. ಅವತ್ತು ಠಾಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಓಡಲಿಕ್ಕೆಂದು ಹೊರಗೇ ಬಿಟ್ಟು, ವಿಚಾರಣೆ ಶುರು ಮಾಡಿದ.

"ಒಳಗ ಏನೈತಿ?"

"ಪುಸ್ತಕ ರೀ ಸಾಹೇಬ್ರ."

"ಕಾಲು ಯಾವ ಕಡೆ ಐತಿ?"

"ಅದಕ್ಕ ಕಾಲ ಇಲ್ರಿ."

ದಶರಥ ಚೌಕಟ್ಟು ಹಿಡಿದುಕೊಂಡ. ಹಿಂದೆ ರುಕ್ಮವ್ವ ಹೋ ಎಂದು ಅತ್ತಳು.

"ಕೈಗೆ ಬಿಳೇದು ಯಾಕ ಹಾಕ್ಕೊಂಡಿ?"

"ಬಟ್ಟಿನ ಗುರ್ತು ಬೀಳಬಾರದಂತ ಹೇಳ್ಯಾರ್ರಿ."

"ಯಾರು ಹೇಳ್ಯಾರ?"

"ತರಬೇತಿ ಕೊಟ್ಟಾರ್ರಿ, ಧಾರವಾಡದಾಗ."

ಇದು ಒಬ್ಬನ ಕೆಲಸವಲ್ಲ, ಹಿಂದೆ ದೊಡ್ಡ ಜಾಲವೇ ಇದೆ ಎಂದು ದಶರಥನಿಗೆ ಖಾತ್ರಿಯಾಯಿತು. "ಮುಚ್ಚಳಾ ತೆಗಿ," ಅಂದ, ತನಗೇ ಕೇಳಿಸದಷ್ಟು ಮೆಲ್ಲಗೆ.

"ಬ್ಯಾಡ್ರಿ ಸಾಹೇಬ್ರ, ಕೈ ಮುಗಿತೇನಿ. ಈಗ ತಗದ್ರ ಎಲ್ಲಾ ಹಾಳಾಗ್ತೈತಿ. ಗುರುವಾರ ರದ್ದಿಯವ ಬರ್ತಾನ. ಹುಳ ಸಾಯಲಿಲ್ಲಂದ್ರ ತೂಕಕ್ಕ ಹಾಕ್ತಾರ."

ದಶರಥ ಹೊಸ್ತಿಲ ಮೇಲಿನ ಕಾಲನ್ನೂ ಹೊರಗೆ ತೆಗೆದುಕೊಂಡ. ಹಾಗಾದರೆ ಹತ್ತಿರದ ಸಂಬಂಧಿಕರು ಬರುವ ತನಕ ತೆಗೆಯುವುದು ಬೇಡ, ಅದೇ ಕಾನೂನು ಎಂದು ಅಲ್ಲೇ ಒಂದು ಕಾನೂನು ಮಾಡಿ, ಹೊರಗಿನ ಕಟ್ಟೆಯ ಮೇಲೆ ಕೂತು ನೀರು ಕೇಳಿದ.

ಸಂಬಂಧಿಕರು ಬಂದರು. ಮೊದಲು ಟಿಕೋಟಾದಿಂದ ಕ್ರೂಸರ್ ಗಾಡಿ ತುಂಬ ಹೆಂಗಸರು, ಮುಂದೆ ಹುಚ್ಚವ್ವ. ಸುತ್ತ ಊರಲ್ಲಿ ಹುಚ್ಚವ್ವನಂತೆ ಹಾಡಿಕೊಂಡು ಅಳುವವರು ಇಲ್ಲ. ಅವಳು ಅತ್ತರೆ ಸತ್ತವರ ಸಾಲಗಾರರೂ ಕಣ್ಣೊರೆಸಿಕೊಳ್ಳುತ್ತಾರೆ ಎಂದು ಪ್ರತೀತಿ. ಅವಳು ತಮ್ಮನ ಕಡೆ ನೋಡದೆ ನೇರ ಹೋಗಿ ಪೆಟ್ಟಿಗೆಯನ್ನು ತಬ್ಬಿಕೊಂಡಳು.

"ನನ್ನ ಬಂಗಾರದಂಥಾಕಿ, ಎಲ್ಲಿ ಹೋದೆವ್ವಾ... ನಿನ್ನ ಕೈಯಾನ ರೊಟ್ಟಿ ಹಾಳಿಯಂಗ ತೆಳ್ಳಗ ಇರ್ತಿತ್ತವ್ವಾ... ಒಂದ ದಿನ ಎದುರು ಮಾತಾಡಲಿಲ್ಲ ನನ್ನವ್ವಾ..."

ಹೋದ ಪಂಚಮಿಯಲ್ಲಿ ಇದೇ ಹುಚ್ಚವ್ವ ಆರತಿಯ ರೊಟ್ಟಿಯನ್ನು ನೆಲಕ್ಕೆ ಹಾಸುವ ಪರಸಿಕಲ್ಲು ಅಂದಿದ್ದಳು, ಆರತಿ ಎದುರು ಮಾತಾಡಿದ್ದು ಟಿಕೋಟಾದ ಬಸ್‌ಸ್ಟ್ಯಾಂಡಿನ ತನಕ ಕೇಳಿತ್ತು. ಆದರೆ ಸಾವು ಅಂದರೆ ಹಾಗೆಯೇ, ರೊಟ್ಟಿಯನ್ನೂ ತೆಳ್ಳಗೆ ಮಾಡುತ್ತದೆ.

"ಯಕ್ಕಾ, ಅದು ಆರತಿ ಅಲ್ಲ," ಎಂದು ಶ್ರೀಮಂತ ಅವಳ ಭುಜ ಅಲುಗಿಸಿದ.

"ಸುಮ್ಕಿರೋ ಪಾಪಿ," ಎಂದು ಅವಳು ಅಳು ನಿಲ್ಲಿಸದೆ ಮೊಣಕೈಯಿಂದ ತಿವಿದಳು.

ಅದೇ ಹೊತ್ತಿಗೆ ಓಣಿಯ ತುದಿಯಲ್ಲಿ ಒಂದು ಮೋಟಾರ್‌ಸೈಕಲ್ ನಿಂತಿತು. ನಡೆಸುತ್ತಿದ್ದವನು ಆರತಿಯ ಅಣ್ಣ ಸುಭಾಷ. ಹಿಂದೆ ಕೂತಿದ್ದವಳು ಆರತಿ. ಅವಳು ಇಳಿದದ್ದೇ ಕೂದಲು ಬಿಚ್ಚಿಕೊಂಡು, ಯಾರ ಮುಖವನ್ನೂ ನೋಡದೆ, ಎದೆ ಬಡಿದುಕೊಳ್ಳುತ್ತ ಮನೆಯ ಕಡೆ ಓಡಿದಳು.

"ನನ್ನ ಬಿಟ್ಟ ಹೋದ್ರೆಲ್ಲ ರೀ... ಹುಳ ಇದ್ರ ಇರಲಿ ಅನ್ನಬೇಕಾಗಿತ್ತಲ್ಲ ರೀ... ನಿಮ್ಮ ಹುಳಾ ಎಲ್ಲಾ ನಾನ ಒಂದೊಂದು ಆರಸ್ತಿದ್ದೆನಲ್ಲ ರೀ... ಏಳ್ರಿ..."

ಕಟ್ಟೆಯ ಮೇಲಿದ್ದ ದಶರಥ, ಸತ್ತವಳು ಕೂದಲು ಬಿಚ್ಚಿಕೊಂಡು ಓಣಿಯಲ್ಲಿ ಓಡಿ ಬರುವುದನ್ನು ಕಂಡು, ಲಾಠಿ ಅಲ್ಲೇ ಬಿಟ್ಟು ರುಕ್ಮವ್ವನ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡ. ರುಕ್ಮವ್ವ ಹೊರಗೆ ಉಳಿದು ಬಾಗಿಲು ಬಡಿದಳು. ಒಳಗೆ ಹುಚ್ಚವ್ವ ತಲೆಯೆತ್ತಿ, ಯಾರಿಗಾಗಿ ಅಳುತ್ತಿದ್ದಳೋ ಅವಳನ್ನೇ ಬಾಗಿಲಲ್ಲಿ ನೋಡಿ, ಬಾಯಿ ತೆರೆದಂತೆಯೇ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಆರತಿಗೆ ಕಂಡದ್ದು ಪೆಟ್ಟಿಗೆಯ ಪಕ್ಕದಲ್ಲಿ ಮುಖಗವಸು, ಬಿಳಿಯ ಕೈ, ಝುಣಕ ಹತ್ತಿದ ಬೆರಳುಗಳೊಂದಿಗೆ ನಿಂತ ಗಂಡನ ಆಕಾರ. ಅವಳೂ ಕಿರುಚಿದಳು. ಅವಳು ಕಿರುಚಿದ್ದು ಕೇಳಿ ಶ್ರೀಮಂತನೂ ಕಿರುಚಿದ. ಅವನು ಯಾತಕ್ಕೆ ಹೆದರಿದನೆಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ಮೊದಲು ಎಚ್ಚರಗೊಂಡವಳು ಆರತಿ. ಗಂಡನ ತೋಳು ಚಿವುಟಿದಳು. ಅವನು "ಹಾ" ಅಂದ. ಅವಳು ಅಲ್ಲೇ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹುಚ್ಚವ್ವನ ಕಡೆ ತಿರುಗಿ, "ಯಕ್ಕಾ, ಹಾಳಿಯಂಗ ತೆಳ್ಳಗ ಅಂದ್ರೆಲ್ಲ, ನಾ ಹೊರಗಿಂದ ಕೇಳಿನಿ," ಅಂದಳು.

"ನಾ ಎಲ್ಲಿ ಅಂದೆ ಬೇ," ಎಂದು ಹುಚ್ಚವ್ವ ಮೂಗು ಒರೆಸಿಕೊಂಡಳು. ಬಂದ ಹನ್ನೆರಡು ಹೆಂಗಸರೂ ಸಾಕ್ಷಿಗಿದ್ದರು. ಅವಳು ಆರತಿಯ ಬಿಚ್ಚಿದ ಕೂದಲನ್ನು ನೋಡಿ, ಹತ್ತಿರ ಎಳೆದುಕೊಂಡು ಹಿಂದೆ ಕೂತು ತುರುಬು ಕಟ್ಟತೊಡಗಿದಳು.

ಇಷ್ಟಕ್ಕೆ ಎಲ್ಲ ಮುಗಿಯಬೇಕಿತ್ತು. ಆದರೆ ರುಕ್ಮವ್ವನ ಕಿಟಕಿಯಿಂದ ದಶರಥನ ದನಿ ಬಂತು.

"ಗಂಡಾ ಅದಾನ, ಹೆಂಡ್ತಿ ಅದಾಳ. ಹಂಗಾದ್ರ ಪೆಟಗ್ಯಾಗ ಇರೂದು ಯಾರು?"

ಎಲ್ಲರೂ ಪೆಟ್ಟಿಗೆ ನೋಡಿದರು. ಹುಚ್ಚವ್ವ ಅದರ ಹತ್ತಿರದಿಂದ ಸರಸರನೆ ಸರಿದಳು. ಗೊತ್ತಿದ್ದವರ ಹೆಣವಾದರೆ ಅಳಬಹುದು. ಯಾರದೆಂದು ಗೊತ್ತಿಲ್ಲದ ಹೆಣಕ್ಕೆ ಹೆದರುವುದೊಂದೇ ದಾರಿ.

"ಪುಸ್ತಕ ರೀ," ಎಂದ ಶ್ರೀಮಂತನ ದನಿ ಈಗ ಅಳುವಂತಿತ್ತು.

ಆರತಿ ಎದ್ದು ನಿಂತಳು. "ಅವರು ಪುಸ್ತಕ ಅಂದ್ರ ಪುಸ್ತಕನ ರೀ ಸಾಹೇಬ್ರ. ಸುಳ್ಳು ಹೇಳೂವಷ್ಟು ಶಾಣ್ಯಾ ಅಲ್ಲ ನಮ್ಮನಿಯವರು." ತನ್ನ ಪರವಾಗಿ ಇಷ್ಟು ಒಳ್ಳೆಯ ಮಾತನ್ನು ಶ್ರೀಮಂತ ಮದುವೆಯಾದಾಗಿನಿಂದ ಕೇಳಿರಲಿಲ್ಲ.

ದಶರಥ ಹೊರಗೆ ಬರುವ ಮೊದಲೇ ಸಾಬಣ್ಣನ ಟಂಟಂ ಮತ್ತೆ ಬಂತು. ಭೂತನಾಳದಲ್ಲಿ ಒಬ್ಬ ಹಿರಿಯರು ತೀರಿಹೋಗಿದ್ದಾರೆ, ಮಗಳು ದೂರದಿಂದ ಬರಬೇಕು, ಇನ್ನೊಂದು ಪೆಟ್ಟಿಗೆ ಕೆಟ್ಟು ನಿಂತಿದೆ. ಇಲ್ಲಿ ಮಣ್ಣು ಮಾಡುವುದು ಮುಗಿದಿದ್ದರೆ ಇದನ್ನು ಒಯ್ಯಬಹುದೇ ಎಂದು ಕೇಳಲು ಬಂದಿದ್ದ. ಇಲ್ಲವೆನ್ನಲು ಶ್ರೀಮಂತನಿಗೆ ಬಾಯಿ ಬರಲಿಲ್ಲ. ನಿಜವಾದ ಸಾವಿನ ಮುಂದೆ ಅವನ ಪುಸ್ತಕಗಳು ಕೂಗಾಡಲಾರವು. ಅವನೇ ಮುಚ್ಚಳ ಎತ್ತಿದ.

ದಶರಥ ಸುಭಾಷನ ಬೆನ್ನ ಹಿಂದೆ ನಿಂತು, ಲಾಠಿಯ ತುದಿಯಿಂದ ಧೋತರದ ಒಂದು ಅಂಚನ್ನು ಸರಿಸಿದ. ಒಳಗಿನ ಪ್ಲಾಸ್ಟಿಕ್ಕಿನಡಿಯಲ್ಲಿ ನಿಘಂಟುಗಳ ಹರಿದ ಬೆನ್ನುಗಳು ಸಾಲಾಗಿ ಕಂಡವು. ಓಣಿಯೆಲ್ಲ ಒಟ್ಟಿಗೆ ಉಸಿರು ಬಿಟ್ಟಿತು. ರುಕ್ಮವ್ವ ತಿರುಗಿಯೂ ನೋಡದೆ ಒಲೆ ಹೊತ್ತಿಸಲು ಓಡಿದಳು.

ಶ್ರೀಮಂತನೊಬ್ಬ ಮಾತ್ರ ಬಗ್ಗಿ ನೋಡುತ್ತಲೇ ಇದ್ದ. ಪ್ಲಾಸ್ಟಿಕ್ಕಿನ ಒಳಗೆ ಒಂದು ಕಂದು ಬಣ್ಣದ ಸಣ್ಣ ಹುಳ, ಮುಂಜಾನೆಯಿಂದ ಥಂಡಿಯಲ್ಲಿದ್ದದ್ದು, ಊಟವಾದ ಮೇಲೆ ಅಡ್ಡಾಡಲು ಹೊರಟವರಂತೆ ನಿಧಾನವಾಗಿ ನಡೆದುಹೋಯಿತು.

"ಸಾಬಣ್ಣಾ, ನಿನ್ನ ಪೆಟಗಿ ಎಷ್ಟು ಥಂಡಿ ಮಾಡತೈತಿ?"

"ಎರಡು ಡಿಗ್ರಿ ರೀ ಅಣ್ಣಾ. ಮನಷ್ಯಾ ಕೆಡದಂಗ ಇರತಾನ."

ಬಸ್ಸಿನ ನಿದ್ದೆಯಲ್ಲಿ ಕಳೆದುಹೋಗಿದ್ದ ಅರ್ಧ ಜ್ಞಾನ ಆಗ ತಿರುಗಿ ಬಂತು. ತರಬೇತಿಯಲ್ಲಿ ಹೇಳಿದ್ದು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಶ್ರೀಮಂತ ತನ್ನ ಪುಸ್ತಕಗಳನ್ನು ಹುಳಗಳ ಸಮೇತ ಕೆಡದಂತೆ ಕಾಪಾಡಿದ್ದ. ಅವನು ಪೆಟ್ಟಿಗೆಯ ಅಂಚು ಹಿಡಿದು ಕೂತ. ಗುರುವಾರದ ತನಕ ಉಳಿದದ್ದು ಮೂರೇ ದಿನ. ಬಯಲಾಟದ ಪುಸ್ತಕ ತಕ್ಕಡಿಯಲ್ಲಿ ಕೂತದ್ದು ಅವನ ಕಣ್ಣ ಮುಂದೆಯೇ ಬಂತು. ಕಣ್ಣಲ್ಲಿ ನೀರು ಬಂದದ್ದನ್ನು ಅವನು ಮರೆಮಾಚಲಿಲ್ಲ, ಮುಖಗವಸು ಹೇಗೂ ಇತ್ತು.

ಇಡೀ ದಿನ ಇಲ್ಲದ ಹೆಣಕ್ಕಾಗಿ ಅತ್ತವರು ಈಗ ಎದುರಿಗಿದ್ದ ಮನುಷ್ಯನ ಅಳು ನೋಡಿ ಹತ್ತಿರ ಸರಿದು ಬಂದರು.

"ನಮ್ಮ ಭಾವನ ಐಸ್ ಫ್ಯಾಕ್ಟರಿ ಐತ್ರಿ, ಸ್ಟೇಷನ್ ರೋಡಿನ್ಯಾಗ," ಎಂದ ಸಾಬಣ್ಣ. "ಚಳಿಗಾಲದಾಗ ಐಸ್ ಯಾರು ತಗೋತಾರ, ಒಂದ ಫ್ರೀಜರ್ ಖಾಲಿ ಬಿದ್ದೈತಿ. ಕಲ್ಲಿನಂಗ ಮಾಡತೈತಿ ಅದು. ಫೋನ್ ಮಾಡ್ತೇನಿ, ಒಯ್ದ ಇಡ್ರಿ. ನಾ ಭೂತನಾಳಕ್ಕ ಹೋಗಬೇಕು."

ಒಯ್ಯುವುದು ಹೇಗೆ? ಟಂಟಂ ಪೆಟ್ಟಿಗೆಯೊಂದಿಗೆ ಹೊರಟಿತು. ಕ್ರೂಸರಿನವನು ಆ ಪೆಟ್ಟಿಗೆಯಿಂದ ಎದ್ದದ್ದು ಯಾವುದೂ ತನ್ನ ಗಾಡಿಯಲ್ಲಿ ಬೇಡ ಎಂದ. ಗಂಟು ಬಿಚ್ಚಿ ಚೀಲಕ್ಕೆ ತುಂಬೋಣವೆಂದರೆ ಶ್ರೀಮಂತ ಅಡ್ಡ ನಿಂತ: ಥಂಡಿ ಹಿಡಿದ ಹಾಳೆಗೆ ಬಿಸಿಗಾಳಿ ತಾಗಬಾರದು. ಇದೊಂದು ಅವನಿಗೆ ಸರಿಯಾಗಿ ನೆನಪಿತ್ತು. ಕೊನೆಗೆ ಸುಭಾಷ ಹಲಗೆಯ ಒಂದು ಮೂಲೆ ಎತ್ತಿದ. ಶ್ರೀಮಂತ ಇನ್ನೊಂದು. ಗೋಡೆ ಕಟ್ಟುವ ಕೆಲಸದ, ಓಣಿಯ ಇಬ್ಬರು ಗೌಂಡಿಗಳು ಹಿಂದಿನವೆರಡನ್ನು ಹಿಡಿದರು. ಹಲಗೆ ಉದ್ದ, ಭಾರ ಹೆಚ್ಚು. ಕೈ ಸೋತು ಅದು ತಾನಾಗಿ ಹೆಗಲ ಮೇಲೆ ಏರಿತು.

ಬೇಕೆಂದು ಯಾರೂ ಮಾಡಿದ್ದಲ್ಲ. ಆದರೆ ಬಿಳಿಯ ಗಂಟು ನಾಲ್ವರ ಹೆಗಲ ಮೇಲೆ ಹೋಗುವಾಗ, ಹಿಂದೆ ಕಣ್ಣು ಕೆಂಪಾದ ಹೆಂಗಸರು ನಡೆಯುವಾಗ, ಮುಂದೆ ಹವಾಲ್ದಾರನೇ ಗಾಡಿಗಳನ್ನು ಪಕ್ಕಕ್ಕೆ ಸರಿಸುವಾಗ, ನೋಡಿದವರು ಬೇರೆ ಏನೆಂದುಕೊಳ್ಳಬೇಕು? ಹೆಣವಲ್ಲವೆಂದು ಗೊತ್ತಾದ ಮೇಲೆ ದಶರಥನ ಎದೆ ಒಂದು ಗೇಣು ಅಗಲವಾಗಿತ್ತು. ಅಂಗಡಿಯವರು ಅರ್ಧ ಶಟರ್ ಎಳೆದರು. ಟೋಪಿಗಳು ಕೆಳಗಿಳಿದವು. ಹೂ ಮಾರುವ ಮುದುಕಿ ಒಬ್ಬಳು ಎದ್ದು ಬಂದು, ಮಾರಾಟಕ್ಕಿಟ್ಟ ಸೇವಂತಿಗೆಯಲ್ಲಿ ಒಂದು ಬೊಗಸೆ ಪಂಚಾಂಗಗಳ ಮೇಲೆ ಹಾಕಿ ಕೈ ಮುಗಿದಳು.

ಸ್ಟೇಷನ್ ರೋಡಿನ ತಿರುವಿನಲ್ಲಿ ಸುಭಾಷನ ಹೆಗಲು ಸೋತು ಯಾರಾದರೂ ಬದಲಾಗಬೇಕೆನ್ನುವಷ್ಟರಲ್ಲಿ, ರಸ್ತೆಯ ಬದಿಯಿಂದ ಒಬ್ಬ ಹಿರಿಯರು ಚಪ್ಪಲಿ ಬಿಟ್ಟು, ಕೈಚೀಲವನ್ನು ಅಂಗಡಿಯವನಿಗೆ ಕೊಟ್ಟು, ನೇರ ಬಂದು ಅವನ ಮೂಲೆಗೆ ಹೆಗಲು ಕೊಟ್ಟರು. ದಾರಿಯಲ್ಲಿ ಎದುರಾದ ಹೆಣಕ್ಕೆ ನಾಲ್ಕು ಹೆಜ್ಜೆ ಹೆಗಲು ಕೊಡದೆ ಮುಂದೆ ಹೋಗುವವರಲ್ಲ ಅವರು. ಶ್ರೀಮಂತ ಓರೆಗಣ್ಣಿನಿಂದ ನೋಡಿದ. ಗುರುಪಾದಯ್ಯನವರು.

ಅವನು ತಟ್ಟನೆ ಮುಖ ಆಚೆ ತಿರುಗಿಸಿದ. ಹಲಗೆಯೂ ವಾಲಿತು.

"ಅಳಬ್ಯಾಡ ತಮ್ಮಾ," ಅಂದರು ಗುರುಪಾದಯ್ಯನವರು, ಮುಖಗವಸಿನ ಹಿಂದಿರುವುದು ಯಾರೆಂದು ತಿಳಿಯದೆ. ಅವರ ದನಿಯಲ್ಲಿ ಇಷ್ಟು ಮೆತ್ತಗಿನದು ಏನಾದರೂ ಇದೆಯೆಂದು ಶ್ರೀಮಂತನಿಗೆ ಗೊತ್ತಿರಲಿಲ್ಲ. "ಎಲ್ಲಾರೂ ಒಂದಿನ ಹೋಗೂದನ. ಯಾರಾಗಬೇಕು ನಿನಗ ಇವರು?"

ಹಿಂದಿನಿಂದ ಆರತಿ ಹೇಳಿದಳು: "ಇನ್ನೂ ಹೋಗಿಲ್ರಿ ಯಪ್ಪಾ. ಉಳಸಾಕ ಒಯ್ಯಾಕತ್ತೇವಿ."

ಗುರುಪಾದಯ್ಯನವರ ಹೆಜ್ಜೆ ತಪ್ಪಿತು. "ಜೀವ ಐತೇನು?" ಎಂದು ಹಲಗೆಯ ಕಡೆ ಹೆದರಿ ನೋಡಿದರು.

"ನಿಮ್ಮ ವಾಚನಾಲಯದ ಕಪಾಟಿನವು ರೀ. ಗುರುವಾರ ರದ್ದಿಗೆ ಹೋಗಬೇಕಾಗಿದ್ದವು," ಎಂದಳು ಆರತಿ.

ಗುರುಪಾದಯ್ಯನವರು ಶ್ರೀಮಂತನ ಕಣ್ಣುಗಳನ್ನು ನೋಡಿದರು. ಬಿಳಿಯ ಕೈಗವಸು ನೋಡಿದರು. ಕೆಮ್ಮಲು ಬಾಯಿ ತೆರೆದರು. ಆದರೆ ರಸ್ತೆಯ ಎರಡೂ ಬದಿಗೆ ಜನ ಕೈ ಮುಗಿದು ನಿಂತಿದ್ದರು, ಅವರಲ್ಲಿ ಅರ್ಧ ಜನ ಅವರನ್ನು ಬಲ್ಲವರು. ಕೊಟ್ಟ ಹೆಗಲನ್ನು ಇನ್ನೊಬ್ಬರು ತೆಗೆದುಕೊಳ್ಳುವ ತನಕ ಕಳಚಬಾರದು. ಅವರು ಹಿಂದೆ ನೋಡಿದರು. ಗೌಂಡಿಗಳು ತಮ್ಮ ಮೂಲೆ ಬಿಡುವಂತಿರಲಿಲ್ಲ. ಸುಭಾಷ ರಸ್ತೆಯಾಚೆಗಿನ ಬೋರ್ಡು ಓದುತ್ತಿದ್ದ. ದಶರಥ ಇಲ್ಲದ ಲಾರಿಗೆ ಸೀಟಿ ಊದುತ್ತಿದ್ದ.

ಐಸ್ ಫ್ಯಾಕ್ಟರಿಯ ತನಕ ಗುರುಪಾದಯ್ಯನವರು ಬರಿಗಾಲಲ್ಲಿ ನಡೆದರು. ಶ್ರೀಮಂತ ದಾರಿಯುದ್ದಕ್ಕೂ ಕೆಲಸ ಹೋಯಿತು, ಪುಸ್ತಕ ಹೋದವು ಎಂದು ಹೆಜ್ಜೆಗೊಂದು ಸಲ ಹೆದರುತ್ತ ನಡೆದ. ಫ್ರೀಜರಿನ ಬಾಗಿಲಲ್ಲಿ ಹಲಗೆ ಇಳಿಸುವಾಗ, "ಸಾವಕಾಶ, ಬಡೀದಂಗ ಇಡ್ರಿ," ಎಂದು ಯಾರೋ ಅಂದಂತಾಯಿತು. ತಿರುಗಿ ನೋಡಿದರೆ ಸೆಕ್ರೆಟರಿ ಆಗಲೇ ಹೊರಗೆ ನಡೆದಿದ್ದರು.

ಗುರುವಾರ ಬೆಳಿಗ್ಗೆ ರದ್ದಿಯವನ ಬಂಡಿ ವಾಚನಾಲಯದ ಮುಂದೆ ಬಂದು ನಿಂತಿತು. ಶ್ರೀಮಂತ ಬಾಗಿಲ ಹಿಂದೆ ಕಸಬರಿಗೆ ಹಿಡಿದು ನಿಂತಿದ್ದ. ರದ್ದಿಯವನು ತಕ್ಕಡಿ ಇಳಿಸಿ, "ಸರ್, ಹುಳ ಬಿದ್ದ ಪುಸ್ತಕ ಎಲ್ಲಿ ಅದಾವ್ರಿ?" ಎಂದು ಕೇಳಿದ.

ಗುರುಪಾದಯ್ಯನವರು ಪತ್ರಿಕೆಯಿಂದ ತಲೆಯೆತ್ತಲಿಲ್ಲ.

"ಹೆಗಲ ಕೊಟ್ಟೇನಿ ಅವಕ್ಕ. ಮನಿಗಿ ಹೋಗಿ ತಣ್ಣೀರಿಲೆ ಜಳಕಾನೂ ಮಾಡೇನಿ. ಇನ್ನ ತಕ್ಕಡಿಗೆ ಹಾಕಾಕ ಬರಂಗಿಲ್ಲ, ನಡಿ."